ಎರಡು ಅಂತ ಬರ್ಕೋ

"ಎರಡು ಅಂತ ಬರ್ಕೋ ತಂಗಿ," ಎಂದಳು ಯಲ್ಲಮ್ಮ.

ನರ್ಸ್ ಜಲಜಾ ರಿಜಿಸ್ಟರಿನಲ್ಲಿ ಮೂರನೆಯ ದಿನದ ಬೆಳಗಿನ ಚೌಕದಲ್ಲಿ ಎರಡು ಎಂದು ಬರೆದಳು. ಬರೆಯುತ್ತಿರುವಾಗ ಮಂಚದ ಕಾಲುದೆಸೆಯಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿಸಿತು. ಅವಳು ಅತ್ತ ನೋಡಲಿಲ್ಲ. ಮಂಚದ ಇನ್ನೊಂದು ಬದಿಗೆ ಡಾಕ್ಟರ್ ಹಯವದನ ನಿಂತಿದ್ದರು. ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ ತಂದೆಯ ಕಳೆ ಅವರ ಮುಖದಲ್ಲಿತ್ತು.

"ಹತ್ತಕ್ಕೆ ಎರಡು! ಅದೂ ಮೂರೇ ದಿನಕ್ಕೆ! ಗಟ್ಟಿಗಿತ್ತಿ ಕಣಮ್ಮ ನೀವು," ಎಂದರು ಡಾಕ್ಟರು, ಅಪ್ಪಟ ಮೈಸೂರಿನ ಮಾತಿನಲ್ಲಿ.

"ನಿಮ್ಮ ಕೈಗುಣಾರಿ," ಎಂದು ಯಲ್ಲಮ್ಮ ಕಣ್ಣು ಮುಚ್ಚಿಕೊಂಡಳು.

ಡಾಕ್ಟರು ಆಪರೇಷನ್ ಗಾಯದ ಪಟ್ಟಿಗಳ ಮೇಲಿನಿಂದಲೇ ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. "ಇಲ್ಲಿ ನೋಯುತ್ತಾ?" "ಇಲ್ರಿ." "ಇಲ್ಲಿ?" "ಅಲ್ಲೂ ಇಲ್ರಿ." ಹೊಟ್ಟೆ ಕೊಂಚ ಬಿಗಿದಿತ್ತು. "ಗಾಳಿ ತುಂಬಿಕೊಂಡಿದೆ, ಎಲ್ಲರಿಗೂ ಆಗುತ್ತೆ. ನಾಳೆಯಿಂದ ಗಂಜಿ ಕೊಡೋಣ," ಎಂದು ಹೇಳಿ ಗಡಿಯಾರ ನೋಡಿಕೊಂಡು ಅವರು ಆಪರೇಷನ್ ಥಿಯೇಟರಿನ ಕಡೆಗೆ ಬಿರಬಿರನೆ ಹೊರಟುಹೋದರು. ಅವತ್ತು ಅವರಿಗೆ ಒಂದರ ಹಿಂದೊಂದು ಮೂರು ಆಪರೇಷನ್‌ಗಳಿದ್ದವು.

ಈ ಹತ್ತಕ್ಕೆ ಎರಡರ ಸಮಾಚಾರವೇನೆಂದು ಮೊದಲು ಹೇಳಿಬಿಡಬೇಕು. ಕರುಳಿನಲ್ಲಿ ಗಂಟು ಬೆಳೆದವರ ಹೊಟ್ಟೆಯನ್ನು ಹಿಂದಿನ ಹಾಗೆ ಉದ್ದಕ್ಕೆ ಸೀಳುವುದು ಈಗ ಕಡಿಮೆಯಾಗಿದೆ. ಸಣ್ಣ ತೂತು ಕೊರೆದು, ಒಳಗೆ ಕ್ಯಾಮೆರಾ ಇಳಿಸಿ, ಎದುರಿನ ಟೀವಿ ನೋಡುತ್ತ ಕೆಲಸ ಮುಗಿಸುತ್ತಾರೆ. ಅದರಲ್ಲೂ ಎರಡು ಬಗೆ. ರೂಢಿಯದಾದರೆ ಹೊಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ನಾಲ್ಕು ತೂತು. ಹೊಸದಾದರೆ ಹೊಕ್ಕುಳಲ್ಲಿ ಒಂದೇ ತೂತು, ಎಲ್ಲ ಸಲಕರಣೆಗಳೂ ಅದರಲ್ಲೇ ಇಳಿಯಬೇಕು. ಯಾವುದರಿಂದ ರೋಗಿಗೆ ಹೆಚ್ಚು ಹಗುರ ಎಂದು ತಿಳಿಯಲು ನಾಗಪುರದ ಆ ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಒಂದು ಅಧ್ಯಯನ ನಡೆದಿತ್ತು. ಯಾರಿಗೆ ಯಾವುದೆಂದು ತೀರ್ಮಾನಿಸುವುದು ಮುಚ್ಚಿದ ಲಕೋಟೆಯೊಳಗಿನ ಚೀಟಿ. ಥಿಯೇಟರಿನ ಒಳಗೆ ಹೋದ ಮೇಲೆಯೇ ಅದನ್ನು ಒಡೆಯುವುದು. ತೂತು ಒಂದೇ ಇರಲಿ, ನಾಲ್ಕೇ ಇರಲಿ, ಹೊರಗೆ ಬರುವಾಗ ಎಲ್ಲರ ಹೊಟ್ಟೆಯ ಮೇಲೂ ಒಂದೇ ತೆರನ ನಾಲ್ಕು ಬಿಳಿ ಪಟ್ಟಿ ಅಂಟಿರುತ್ತಿದ್ದವು. ಐದು ದಿನ ಅವನ್ನು ಬಿಚ್ಚುವಂತಿರಲಿಲ್ಲ. ತನಗೆ ಎಷ್ಟು ತೂತು ಬಿದ್ದಿವೆ ಎಂದು ರೋಗಿಗೂ ಗೊತ್ತಿರಬಾರದು, ನೋವು ಎಷ್ಟೆಂದು ಕೇಳಿ ಬರೆಯುವವರಿಗೂ ಗೊತ್ತಿರಬಾರದು. ಕೇಳಿ ಬರೆಯುವವಳು ಜಲಜಾ.

ಜಲಜಾ ಹುಬ್ಬಳ್ಳಿಯವಳು. ರೈಲ್ವೆ ಗಾರ್ಡ್ ಲಕ್ಷ್ಮೀಕಾಂತನನ್ನು ಮದುವೆಯಾಗಿ ನಾಗಪುರಕ್ಕೆ ಬಂದು ಇಪ್ಪತ್ತೊಂದು ವರ್ಷ, ಮನೀಶ್ ನಗರದಲ್ಲಿ ಮನೆ ಮಾಡಿ ಒಂಬತ್ತು ವರ್ಷ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಈ ನೋವಿನ ರಿಜಿಸ್ಟರ್ ಕೈಗೆ ಬಂದಾಗ ಸಣ್ಣ ಕೊಂಬು ಮೂಡಿತ್ತೆಂದರೆ ಸುಳ್ಳಲ್ಲ. ತಿದ್ದಿಲ್ಲ, ಅಳಿಸಿಲ್ಲ, ಒಂದು ಚೌಕವನ್ನೂ ಖಾಲಿ ಬಿಟ್ಟಿಲ್ಲ. ಥಿಯೇಟರಿನ ಮುಂದೆ ನೆಲದ ಮೇಲೆ ಎಳೆದ ಕೆಂಪು ಗೆರೆಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ದಾಟಿರಲಿಲ್ಲ. ದಾಟಿದರೆ ಒಳಗೆ ಒಡೆದ ಚೀಟಿಯ ಸುದ್ದಿ ಕಿವಿಗೆ ಬಿದ್ದೀತು. "ರೋಗಿ ಏನ್ ಹೇಳ್ತಾರೋ ಅದನ್ನ ಬರೀತೇನಿ. ಅದರ ಮ್ಯಾಲ ನಂದೇನೂ ಇಲ್ಲ," ಎಂದು ಮನೆಯಲ್ಲಿ ಗಂಡನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಆದರೆ ರಿಜಿಸ್ಟರಿನ ಮೊದಲ ಪುಟದಲ್ಲಿ ಇನ್ನೊಂದು ನಿಯಮವೂ ಅಚ್ಚಾಗಿತ್ತು. ನೋವಿನ ಪ್ರಶ್ನೆ ಕೇಳುವಾಗ ಆಪರೇಷನ್ ಮಾಡಿದ ಡಾಕ್ಟರು ಹತ್ತಿರ ಇರಕೂಡದು. ಮರಾಠಿ, ಹಿಂದಿ ರೋಗಿಗಳ ಮಟ್ಟಿಗೆ ಅದು ಸರಿಯಾಗಿಯೇ ನಡೆಯುತ್ತಿತ್ತು. ಕನ್ನಡದವರು ಬಂದಾಗ ಮಾತ್ರ ಕೆಡುತ್ತಿತ್ತು. ಐದು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಹಯವದನರಿಗೆ ದಿನವಿಡೀ ಹಿಂದಿ ಮರಾಠಿ ಆಡಿ ಆಡಿ ನಾಲಗೆ ಒಣಗಿರುತ್ತಿತ್ತು. ಕನ್ನಡದ ಒಂದು ದನಿ ಕೇಳಿದರೆ ಸಾಕು, ಮಂಚದ ಪಕ್ಕ ಬಂದು ನಿಂತುಬಿಡುತ್ತಿದ್ದರು. ಜಲಜಾಳಿಗೂ ಅದು ಖುಷಿಯೇ. ಹೊರಗೆ ನಿಲ್ಲಿ ಎನ್ನಲು ಅವಳಿಗೂ ಬಾಯಿ ಬರುತ್ತಿರಲಿಲ್ಲ.

ಯಲ್ಲಮ್ಮ ಬಂದ ದಿನ ವಾರ್ಡಿಗೆ ವಾರ್ಡೇ ಗಲಗಲ ಎಂದಿತ್ತು. ಗದಗಿನ ಕಡೆಯ ಹೆಂಗಸು, ಅರವತ್ತಮೂರು ವರ್ಷ. ಗಂಡ ಶಂಕರಪ್ಪ ಅಜನಿ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವನು. ಪ್ರತಾಪ ನಗರದಲ್ಲಿ ಎರಡು ಖೋಲಿಯ ಮನೆ. ಬಲಗಡೆಯ ದೊಡ್ಡ ಕರುಳಿನಲ್ಲಿ ಗಂಟು. ಬೇಗ ಸಿಕ್ಕಿಬಿದ್ದಿದೆ, ಅಷ್ಟು ಭಾಗ ಕತ್ತರಿಸಿ ತೆಗೆದು ಎರಡು ತುದಿ ಜೋಡಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಒಂದು ತೂತು, ನಾಲ್ಕು ತೂತಿನ ವಿಷಯವನ್ನೂ ಬಿಡಿಸಿ ಹೇಳಿದ್ದರು. ಯಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ನಿಮಗ ಯಾವುದು ಹಗರಾಗ್ತೈತ್ರಿ?" ಎಂದು ತಿರುಗಿ ಕೇಳಿದ್ದಳು.

ಹಯವದನರಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾವ ರೋಗಿಯೂ ಕೇಳಿರಲಿಲ್ಲ. "ನನಗೆ ನಾಲ್ಕು ಸುಲಭ. ಒಂದರಲ್ಲಾದರೆ ಕೈಗೆ ಕೈ ಅಡ್ಡ ಬರುತ್ತೆ. ನಿಮಗೆ ಒಂದು ಹಗುರ ಇರಬಹುದು. ಇರಬಹುದು ಅಷ್ಟೆ, ಅದನ್ನೇ ತಿಳ್ಕೋಬೇಕು ಅಂತ ಇದೆಲ್ಲ," ಎಂದಿದ್ದರು. "ಹಂಗಾರ ಚೀಟಿ ಎತ್ತರಿ, ದೇವರು ಕೊಟ್ಟಂಗಾಗ್ಲಿ," ಎಂದು ಅವಳು ಹೆಬ್ಬೆಟ್ಟು ಒತ್ತಿದ್ದಳು. ಅವಳಿಗೆ ಸಹಿ ಬರುತ್ತಿತ್ತು, ಆದರೆ ದೊಡ್ಡ ಕಾಗದಗಳಿಗೆ ಹೆಬ್ಬೆಟ್ಟೇ ಸೈ ಎಂದು ಅವಳ ನಂಬಿಕೆ.

ಆಪರೇಷನ್ನಿನ ಹಿಂದಿನ ದಿನ ಜಲಜಾ ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಯ ಪಟ್ಟಿ ಹಿಡಿದುಕೊಂಡು ಬಂದು ವಿವರಿಸಿದಳು. "ಸೊನ್ನಿ ಅಂದ್ರ ನೋವ ಇಲ್ಲ. ಹತ್ತು ಅಂದ್ರ ಜೀವಾ ಹೋಗುವಂಥಾದ್ದು. ನಿಮಗೆಷ್ಟು ಅನಸ್ತೈತಿ ಅದನ್ನ ಹೇಳಬೇಕ್ರಿ."

"ಇದನ್ನ ಬರ್ಕೊಂಡು ಏನ್ ಮಾಡ್ತಿ ತಂಗಿ?"

"ನಮ್ಮ ಡಾಕ್ಟ್ರಿಗೆ ಮಾರ್ಕ್ಸ್ ಇದ್ದಂಗರಿ ಇವು. ಕಡಿಮಿ ಬಂದಷ್ಟೂ ಅವರು ಪಾಸು. ನಮ್ಮ ಕಡಿ ಡಾಕ್ಟ್ರು, ನೋಡಿ ಹೇಳ್ರಿ ಮತ್ತ!" ಎಂದು ಜಲಜಾ ನಕ್ಕಳು. ಯಲ್ಲಮ್ಮನೂ ನಕ್ಕಳು. ಜಲಜಾ ಈ ಚಾಷ್ಟಿಯನ್ನು ಕನ್ನಡದವರು ಬಂದಾಗಲೆಲ್ಲ ಮಾಡುತ್ತಿದ್ದಳು. ಪರವೂರಿನ ಆಸ್ಪತ್ರೆಯಲ್ಲಿ ಹೆದರಿ ಮುದುಡಿ ಕೂತವರ ಮುಖ ಅದನ್ನು ಕೇಳಿ ಸಡಿಲವಾಗುತ್ತಿತ್ತು. ಅವಳಿಗೆ ಬೇಕಿದ್ದದ್ದೂ ಅಷ್ಟೇ.

ಮೊದಲ ದಿನ ಯಲ್ಲಮ್ಮ ಮೂರು ಹೇಳಿದಳು. ಎರಡನೆಯ ದಿನ ಎರಡು. ಗಂಡ ಹೆಂಡಿರಿಬ್ಬರೂ ಪಂದ್ಯ ಕಟ್ಟಿಕೊಂಡಿದ್ದರು. ಹೊಟ್ಟೆಯ ಮೇಲಿನ ನಾಲ್ಕು ಪಟ್ಟಿ ನೋಡಿ ಶಂಕರಪ್ಪ, "ನಾಕ ತೂತು, ಬರೋಬರ್ ಹೇಳತೇನಿ. ಒಂದ ತೂತಿನಾಗ ಮೂರು ಪಾನಾ ಹಾಕಿ ನಟ್ಟು ತಿರುವೂದಂದ್ರ ಆಗೂ ಮಾತಲ್ಲ, ನಾ ಮೂವತ್ತೈದು ವರ್ಷ ತಿರುವೀನಿ," ಎನ್ನುತ್ತಿದ್ದ. ಯಲ್ಲಮ್ಮನದು ಒಂದೇ ತೂತೆಂದು ಹಟ. ಸೋತವರು ಗೆದ್ದವರಿಗೆ ತರ್ರಿ ಪೋಹಾ ತಿನ್ನಿಸಬೇಕು, ಮೇಲೆ ಬೆಂಕಿಯಂಥ ಸಾರು ಸುರಿದ ಅವಲಕ್ಕಿ, ಒಂದು ಪೂರ್ತಿ ಪ್ಲೇಟು. ಐದನೆಯ ದಿನ ಪಟ್ಟಿ ಬಿಚ್ಚಿದಾಗ ತೀರ್ಮಾನ.

ಈಗ ಮೂರನೆಯ ದಿನದ ಬೆಳಗು. ಡಾಕ್ಟರು ಹೋದರು, ಜಲಜಾ ಪಕ್ಕದ ಮಂಚಕ್ಕೆ ಹೋದಳು. ಅಲ್ಲಿದ್ದ ಗಾಂಧಿಬಾಗಿನ ಬಟ್ಟೆ ವ್ಯಾಪಾರಿ ತನ್ನ ನೋವು ಐದೂವರೆ ಎಂದೂ, ಐದು ಎಂದು ಬರೆದರೆ ತಾನು ಒಪ್ಪುವುದಿಲ್ಲವೆಂದೂ ಮರಾಠಿಯಲ್ಲಿ ಚೌಕಾಸಿ ಶುರುಮಾಡಿದ. ಕೂಲರಿನಿಂದ ಒದ್ದೆ ಲಾವಂಚದ ವಾಸನೆ ಬರುತ್ತಿತ್ತು. ಚೌಕಾಸಿಯ ನಡುವೆಯೇ ಜಲಜಾಳಿಗೆ ಏನೋ ಬಿಟ್ಟುಹೋಯಿತಲ್ಲ ಅನ್ನಿಸಿತು. ಏನೆಂದು ಹೊಳೆಯಲು ಅರೆ ನಿಮಿಷ ಬೇಕಾಯಿತು. ಯಲ್ಲಮ್ಮ ಇವತ್ತು "ನಾಷ್ಟಾ ಆತೇನ ತಂಗಿ?" ಎಂದು ಕೇಳಿರಲಿಲ್ಲ. ಆಪರೇಷನ್ ಆದ ಮರುದಿನ, ಮೂಗಿನಲ್ಲಿ ನಳಿಕೆ ಇದ್ದಾಗಲೂ ಅದನ್ನು ಕೇಳದೆ ಬಿಟ್ಟವಳಲ್ಲ.

ಟಿಕ್ ಟಿಕ್ ಎಂಬ ಸದ್ದು ಇನ್ನೂ ಬರುತ್ತಿತ್ತು. ಜಲಜಾ ತಿರುಗಿ ನೋಡಿದಳು. ಹೊದಿಕೆಯ ಹೊರಗೆ ಯಲ್ಲಮ್ಮನ ಎರಡು ಪಾದಗಳೂ ಒಂದನ್ನೊಂದು ತಿರುಚಿ ಹಿಡಿದುಕೊಂಡಿದ್ದವು. ಬೆರಳುಗಳು ಮಡಚಿ ಬಿಡುತ್ತಿದ್ದವು, ಮತ್ತೆ ಮಡಚುತ್ತಿದ್ದವು. ಒಂದೊಂದು ಸಲವೂ ಕಾಲುಂಗುರ ಮಂಚದ ಕಬ್ಬಿಣಕ್ಕೆ ತಾಗುತ್ತಿತ್ತು. ಆಪರೇಷನ್ನಿಗೆ ಮುಂಚೆ ಅದನ್ನು ಬಿಚ್ಚಿಡಿ ಎಂದರೆ ಆಕೆ ಸುತರಾಂ ಒಪ್ಪದೆ, ಕಡೆಗೆ ಅದರ ಮೇಲೆ ಪಟ್ಟಿ ಸುತ್ತಿ ಒಳಗೆ ಕಳಿಸಿದ್ದರು. ಮುಖ ಮಾತ್ರ ಗೋಡೆಯ ಹಾಗಿತ್ತು.

ಜಲಜಾ ಹೊರಗೆ ಬಂದಳು. ಶಂಕರಪ್ಪ ಕಾರಿಡಾರಿನ ಬೆಂಚಿನ ಮೇಲೆ ಚಹಾದ ಲೋಟ ಹಿಡಿದು ಕೂತಿದ್ದ; ಚಹಾದ ಮೇಲೆ ಕೆನೆ ಕಟ್ಟಿತ್ತು.

"ಶಂಕರಪ್ಪಾರ, ಅವರು ನಿನ್ನೆ ಮಕ್ಕೊಂಡಿದ್ರೇನ್ರಿ?"

ಅವನು ಲೋಟ ನೋಡುತ್ತ ಕೂತ. "ನಾ ಹೇಳಂಗಿಲ್ರಿ ಬಾಯಾರ. ಹೇಳಬ್ಯಾಡ ಅಂದಾಳ."

"ಏನ ಹೇಳಬ್ಯಾಡ ಅಂದಾರ?"

"ನಾ ಹೇಳಿಲ್ಲ ಅನ್ರಿ ಮತ್ತ. ನಿನ್ನೆ ಸಂಜಿಮುಂದಿನಿಂದ ನನ್ನ ಕೈ ಹಿಡದು ಹಿಂಡಾಕತ್ಯಾಳ." ಅವನು ಬಲಗೈ ತೋರಿಸಿದ. ಫಿಟ್ಟರನ ಒರಟು ಅಂಗೈಯ ಹಿಂಬದಿಯಲ್ಲಿ ಉಗುರು ನಾಟಿದ ನಾಲ್ಕು ಗೆರೆಗಳಿದ್ದವು. "ಹೆಸರು ಕೆಡಸಬಾರ್ದು, ಇನ್ನೆರಡು ದಿನ ತಡ್ಕೊಂಡ್ರ ಆತು ಅಂತಾಳ."

"ಯಾರ ಹೆಸರ್ರಿ?"

ಶಂಕರಪ್ಪ ಗೆರೆ ಬಿದ್ದ ಕೈಯನ್ನು ಪಂಚೆಯೊಳಗೆ ಮುಚ್ಚಿಕೊಂಡ. ಜಲಜಾ ಒಳಗೆ ಓಡಿ ಯಲ್ಲಮ್ಮನ ಮಣಿಕಟ್ಟು ಹಿಡಿದಳು. ಕೈ ಸುಡುತ್ತಿತ್ತು. ನಾಡಿ ನೂರಾ ಇಪ್ಪತ್ನಾಲ್ಕು. ಬೆಳಗಿನ ಜಾವ ವಾರ್ಡಿನ ಕಿರಿಯ ಡಾಕ್ಟರು ನಿಕಿತಾ ಎಣಿಸಿದಾಗ ನೂರಾ ನಾಲ್ಕಿತ್ತು. ಹೆದರಿಕೆಗೆ ಹಾಗಾಗಿದೆ, ನೋವು ಬರೀ ಎರಡಲ್ಲವೇ ಎಂದು ಅವಳು ಮುಂದಕ್ಕೆ ಹೋಗಿದ್ದಳು. ಜಲಜಾ ಹಸಿರು ಪರದೆ ಎಳೆದು ಮಂಚದ ಅಂಚಿಗೆ ಕೂತಳು.

"ಯಲ್ಲಮ್ಮಾರ, ಇಲ್ಲಿ ಯಾರೂ ಇಲ್ಲ. ನನಗ ಖರೇ ಹೇಳ್ರಿ. ಎಷ್ಟೈತಿ?"

"ಎರಡು ಅಂತ ಹೇಳೀನೆಲ್ಲ."

"ನಿಮ್ಮ ಕಾಲು ಹಂಗ ಹೇಳವಲ್ವು."

ಯಲ್ಲಮ್ಮ ಪಾದಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಅಷ್ಟಕ್ಕೇ ಅವಳ ಉಸಿರು ಸಿಕ್ಕಿಕೊಂಡಿತು. ತುಸು ಹೊತ್ತಿನ ಮೇಲೆ, ಗುಟ್ಟು ಹೇಳುವವಳ ಹಾಗೆ, "ನೀನ ಹೇಳಿದ್ಯಲ್ಲ ತಂಗಿ, ಮಾರ್ಕ್ಸ್ ಇದ್ದಂಗ ಅಂತ," ಎಂದಳು.

ಜಲಜಾ ತೊಡೆಯ ಮೇಲಿನ ರಿಜಿಸ್ಟರನ್ನು ಮುಚ್ಚಿದಳು.

"ಮೂವತ್ತಾರು ವರ್ಷಾತು ನಾವು ಈ ಊರಿಗೆ ಬಂದು," ಯಲ್ಲಮ್ಮ ನಡುನಡುವೆ ನಿಂತು ನಿಂತು ಹೇಳಿದಳು. "ಒಬ್ಬ ಡಾಕ್ಟ್ರೂ ನನ್ನ ಭಾಷಾದಾಗ ಏನಾಗೈತಿ ಅಂತ ಕೇಳಿದ್ದಿಲ್ಲ. ಬೆರಳು ಮಾಡಿ ತೋರಿಸಿ ಬರತಿದ್ನಿ. ಇಂವ ಬಂದು ಕುಂತು ಕೇಳತಾನ. ಅಂಥವಗ ನಾನು ಎಂಟು ಒಂಬತ್ತು ಅಂತ ಬರಿಸಿ ಫೇಲ್ ಮಾಡಲೇನ?"

"ಅಯ್ಯ ಯವ್ವಾ, ಅದು ಚಾಷ್ಟಿ! ನಾ ಚಾಷ್ಟಿ ಮಾಡಿದ್ನಿರಿ!" ಜಲಜಾ ಅವಳ ಕೈ ಹಿಡಿದುಕೊಂಡಳು. "ಯಾರಿಗೂ ಮಾರ್ಕ್ಸ್ ಇಲ್ಲ, ಏನೂ ಇಲ್ಲ. ನೀವು ಖರೇ ಹೇಳಲಿಲ್ಲಂದ್ರ ಅವರಿಗೆ ತಿಳಿಯೂದ ಇಲ್ಲ. ನಿಮಗೇನರ ಆತಂದ್ರ ಅವರು ಹೆಂಗ ತಡ್ಕೊಳ್ಳಬೇಕು? ನಾ ಹೆಂಗ ತಡ್ಕೊಳ್ಳಲಿ?"

ಯಲ್ಲಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಕಣ್ಣಿನ ಸುತ್ತ ಕಪ್ಪು ಹತ್ತಿತ್ತು. ಆಮೇಲೆ ಮೊದಲ ಸಲ ಮುಖ ಹಿಂಡಿದಳು. "ಒಂಬತ್ತೈತಿ ಅವ್ವಾ," ಎಂದಳು. "ಹತ್ತ ಇರಬೇಕು. ಹತ್ತಂದ್ರ ಜೀವಾ ಹೋಗೂದು ಅಂದಿದ್ದಿ, ಅದಕ್ಕ ಒಂಬತ್ತು ಅಂದೆ."

ಜಲಜಾ ರಿಜಿಸ್ಟರಿನಲ್ಲಿದ್ದ ಎರಡರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಒಂಬತ್ತು ಎಂದು ಬರೆದು, ಸಹಿ ಹಾಕಿ, ಗಂಟೆ ಹಾಕಿದಳು. ಹತ್ತು ಇಪ್ಪತ್ತು. ಎರಡು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಬಿದ್ದ ಮೊದಲನೆಯ ಗೆರೆ ಅದು. ಕಾರಿಡಾರಿನಲ್ಲಿ ಎದುರಾದ ನಿಕಿತಾಳಿಗೆ ಮರಾಠಿಯಲ್ಲಿ ಎರಡೇ ಮಾತಿನಲ್ಲಿ ಹೇಳಿದಳು. ನಿಕಿತಾ ಮಂಚದ ಕಡೆಗೆ ಓಡಿದಳು, ಜಲಜಾ ಥಿಯೇಟರಿನ ಕಡೆಗೆ ಓಡಿ ಕೆಂಪು ಗೆರೆಯನ್ನು ಚಪ್ಪಲಿ ಸಮೇತ ದಾಟಿ ಬಾಗಿಲನ್ನು ಅರ್ಧ ತೆರೆದಳು.

"ಸರ್, ಎಂಟನೇ ಮಂಚ. ಯಲ್ಲಮ್ಮಾರು. ಎರಡಲ್ರಿ, ಒಂಬತ್ತು. ನಾಡಿ ನೂರಾ ಇಪ್ಪತ್ನಾಲ್ಕು, ಜ್ವರ ಬಂದೈತಿ."

ಟೀವಿಯ ಮೇಲೆ ಯಾರದೋ ಕರುಳು ಕೆಂಪಗೆ ಹೊಳೆಯುತ್ತಿತ್ತು. ಹಯವದನರ ಕೈಗಳು ನಿಂತವು. "ಯಾವಾಗಿಂದ?"

"ನಿನ್ನೆ ಸಂಜಿಯಿಂದ್ರಿ."

"ನಾನು ಒತ್ತಿ ನೋಡಿದೆನಲ್ಲ. ಇಲ್ಲ ಅಂದ್ರಲ್ಲ?"

"ನೀವು ಅಂತನ ಇಲ್ಲ ಅಂದಾರ್ರಿ."

ಮುಖಗವಸಿನ ಮೇಲೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಅವು ಒಂದು ಗಳಿಗೆ ಜಲಜಾಳ ಮೇಲೆ ನಿಂತು, ಮತ್ತೆ ಟೀವಿಗೆ ಹೋದವು. "ಈಗಲೇ ಸ್ಕ್ಯಾನಿಗೆ ಕಳಿಸಿ. ಪಕ್ಕದ ಥಿಯೇಟರ್ ಖಾಲಿ ಮಾಡಿಸಿ. ಇದು ಮುಗಿಸಿ ಬಂದೆ," ಎಂದರು.

ಸ್ಕ್ಯಾನಿನಲ್ಲಿ ನೋಡಿದರೆ, ಜೋಡಿಸಿದ ಕರುಳು ಒಂದು ಕಡೆ ಬಿಟ್ಟುಕೊಂಡಿತ್ತು. ಒಳಗಿನದು ಹೊಟ್ಟೆಯೊಳಗೆ ಸೋರಿ ಕೀವಾಗಿತ್ತು. ನೂರು ಜನರಲ್ಲಿ ಮೂರು ನಾಲ್ಕು ಜನರಿಗೆ, ಯಾರ ಕೈಯಲ್ಲಾದರೂ, ಎಷ್ಟು ತೂತಿನಲ್ಲಾದರೂ ಹೀಗಾಗುವುದುಂಟು ಎಂದು ನಿಕಿತಾ ಶಂಕರಪ್ಪನಿಗೆ ಹಿಂದಿಯಲ್ಲಿ ವಿವರಿಸಿದಳು. ಈಗ ಹೊಟ್ಟೆಯನ್ನು ಹಳೆಯ ಕಾಲದ ಹಾಗೆ ನಡುವೆ ಸೀಳಿ ತೊಳೆಯಬೇಕು. ಮಲ ಹೊರಗೆ ಬೀಳಲು ಹೊಟ್ಟೆಯ ಮೇಲೆ ಒಂದು ಚೀಲ ಕೂರಿಸಬೇಕು, ಮೂರು ತಿಂಗಳಾದ ಮೇಲೆ ತೆಗೆಯಬಹುದು. ಜೀವದ ಮಾತನ್ನು ಅವಳು ಎತ್ತಲಿಲ್ಲ. ಬದುಕುತ್ತಾಳೆಯೇ ಎಂದು ಶಂಕರಪ್ಪನೇ ಕೇಳಿದ. "ಬಚೇಗೀ ಕ್ಯಾ?" ಎಂದ. "ಕೋಶಿಶ್ ಕರೇಂಗೆ ಕಾಕಾ," ಪ್ರಯತ್ನ ಮಾಡುತ್ತೇವೆ ಎಂದು ಅವಳು ಒಪ್ಪಿಗೆಯ ಕಾಗದ ಮುಂದೆ ಹಿಡಿದಳು.

ಹನ್ನೆರಡೂವರೆಗೆ ಒಳಗೆ ಹೋದ ಯಲ್ಲಮ್ಮ ಮೂರಾದರೂ ಹೊರಗೆ ಬರಲಿಲ್ಲ. ಜಲಜಾಳ ಪಾಳಿ ಎರಡಕ್ಕೇ ಮುಗಿದಿತ್ತು. ಅವಳು ಮನೆಗೆ ಹೋಗದೆ ಬೆಂಚಿನ ಮೇಲೆ ಶಂಕರಪ್ಪನ ಪಕ್ಕ ಕೂತಳು. ಅವನಿಗೆ ಹೇಳಲೇಬೇಕಿತ್ತು, ಹೇಳಿದಳು. ತಾನು ನಕ್ಕು ಆಡಿದ ಮಾತು, ಅದು ಯಲ್ಲಮ್ಮನ ತಲೆಯಲ್ಲಿ ಕೂತದ್ದು, ಎಲ್ಲ. ಬೈಯುತ್ತಾನೆ, ಬೈದರೆ ಹಗುರಾಗುತ್ತದೆ ಎಂದುಕೊಂಡಿದ್ದಳು.

"ನೀವು ಹೇಳದಿದ್ರೂ ಆಕಿ ಹಂಗ ಮಾಡ್ತಿದ್ಲೇನೋ," ಎಂದ ಶಂಕರಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲ, ನೀವು ಹೇಳಿದ್ದಕ್ಕ ಮಾಡಿದ್ಲು. ಸುಳ್ಳ್ಯಾಕ ಆಡ್ಲಿ," ಎಂದ. ಅಷ್ಟು ಹೇಳಿದರೂ ಅವನು ಅವಳ ಪಕ್ಕದ ಜಾಗ ಬಿಟ್ಟು ಏಳಲಿಲ್ಲ.

ಜಲಜಾಳ ತೊಡೆಯ ಮೇಲೆ ರಿಜಿಸ್ಟರ್ ಇತ್ತು. ಕೈಗೆ ಬೇರೆ ಕೆಲಸವಿರಲಿಲ್ಲವಾಗಿ ಪುಟ ತಿರುವತೊಡಗಿದಳು. ಅರವತ್ತೊಂದು ಹೆಸರು. ಆರು, ಐದು, ಏಳು, ನಾಲ್ಕು, ಆರು, ಹೀಗೆ ಸಾಗಿದ ಸಂಖ್ಯೆಗಳ ನಡುವೆ ಅಲ್ಲೊಂದು ಇಲ್ಲೊಂದು ಎರಡು, ಒಂದು, ಎರಡು. ಆ ಸಾಲುಗಳ ಹೆಸರು ಓದಿದಳು. ಯಲ್ಲಮ್ಮನನ್ನು ಸೇರಿಸಿ ಏಳು ಜನ. ಏಳೂ ಜನ ಕನ್ನಡದವರು. ಆರ್ಡನೆನ್ಸ್ ಫ್ಯಾಕ್ಟರಿಯ ಗುರುಪ್ರಸಾದ್ ಎರಡನೆಯ ದಿನಕ್ಕೇ ಸೊನ್ನೆ ಹೇಳಿದ್ದ. ಹೇಳುವಾಗ ಅವನ ಹಣೆಯ ಮೇಲೆ ಬೆವರು ಕಿತ್ತುಕೊಂಡು ಬರುತ್ತಿತ್ತು. "ಗಟ್ಟಿ ಆಸಾಮಿ ನೀವು!" ಎಂದು ಜಲಜಾ ತಾನೇ ಮೆಚ್ಚಿಕೊಂಡಿದ್ದಳು. ಪಕ್ಕದಲ್ಲಿ ಡಾಕ್ಟರು ನಿಂತಿದ್ದರು. ಮೂವರೂ ನಕ್ಕಿದ್ದರು.

ಮೂರೂಮುಕ್ಕಾಲಿಗೆ ಹಯವದನ ಹೊರಗೆ ಬಂದರು. ಗವಸು ಕತ್ತಿಗೆ ಜೋತುಬಿದ್ದಿತ್ತು. "ತೊಳೆದಿದ್ದೀವಿ. ಎರಡು ದಿನ ಐಸಿಯುನಲ್ಲಿ ಇರ್ತಾರೆ. ಬಿಪಿ ನಿಲ್ತಾ ಇದೆ," ಎಂದು ಶಂಕರಪ್ಪನಿಗೆ ಹೇಳಿದರು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, "ಮೊದಲು ಮಾಡಿದ್ದು ನಾಲ್ಕು ತೂತಿನದು. ನನಗೆ ಸುಲಭ ಅಂದಿದ್ನಲ್ಲ, ಅದೇ," ಎಂದರು. ಶಂಕರಪ್ಪ ತಲೆಯಾಡಿಸಿದ. ಪಂದ್ಯ ಅವನು ಗೆದ್ದಿದ್ದ. ಅದು ನೆನಪಾಯಿತೋ ಏನೋ, ಪಂಚೆಯ ಚುಂಗಿನಿಂದ ಮುಖ ಮುಚ್ಚಿಕೊಂಡು ಅತ್ತ.

ಜಲಜಾ ಡಾಕ್ಟರ ಕೋಣೆಗೆ ಹೋಗಿ ಮೇಜಿನ ಮೇಲೆ ರಿಜಿಸ್ಟರ್ ಬಿಚ್ಚಿಟ್ಟು ಏಳು ಹೆಸರುಗಳನ್ನೂ ತೋರಿಸಿದಳು. ತಾನು ಆಡಿದ ಮಾತನ್ನೂ ಹೇಳಿದಳು. ಅವರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು.

"ಅವರಿಗೆ ನಿಜವಾಗ್ಲೂ ನೋವು ಕಡಿಮೆ ಇದ್ದಿರಬಹುದು ಸಿಸ್ಟರ್."

"ಇರಬಹುದ್ರಿ. ನನಗ ಗೊತ್ತಿಲ್ಲ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ."

"ಮುಂದಿನ ತಿಂಗಳು ಈ ಅಂಕಿಗಳನ್ನೆಲ್ಲ ಸಮಿತಿಗೆ ಕಳಿಸಬೇಕು," ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಅಲ್ಲೇ ನಿಂತಿರ್ತಿದ್ದೆ ಅಲ್ವಾ?"

"ಹೌದ್ರಿ ಸರ್."

"ಪ್ರತಿ ಸಲ?"

"ನಮ್ಮವರು ಬಂದಾಗ ಪ್ರತಿ ಸಲ."

ಹಯವದನ ಡ್ರಾಯರಿನಿಂದ ಕಾಗದ ತೆಗೆದು ಅಧ್ಯಯನ ಸಮಿತಿಗೆ ಪತ್ರ ಬರೆಯತೊಡಗಿದರು. ಏಳು ಜನರ ನೋವಿನ ಅಂಕಿ ನಂಬಲರ್ಹವಲ್ಲ, ಕಾರಣ ಕೆಳಕಂಡಂತೆ. ಕಾರಣದ ಜಾಗದಲ್ಲಿ ಮೊದಲು ತಮ್ಮ ಹೆಸರು ಬರೆದರು, ಆಮೇಲೆ ಅವಳದು. ಇಬ್ಬರೂ ಸಹಿ ಹಾಕಿದರು. ರಿಜಿಸ್ಟರ್ ತನ್ನ ಕೈತಪ್ಪುತ್ತದೆಂದು ಜಲಜಾ ಅಂದುಕೊಂಡಿದ್ದಳು. ಸಮಿತಿಯವರು ಕೂತು ಮಾತಾಡುವವರೆಗೆ ಕೆಲಸ ನಿಲ್ಲಬಾರದು, ಬರೆಯಿರಿ ಎಂದು ಹೇಳಿ ಕಳಿಸಿದರು.

ಯಲ್ಲಮ್ಮ ನಾಲ್ಕು ದಿನ ಐಸಿಯುನಲ್ಲಿದ್ದಳು. ಎರಡನೆಯ ದಿನ ಒಮ್ಮೆ ಎಲ್ಲರೂ ಆಸೆ ಬಿಟ್ಟಿದ್ದರು. ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಅವಳನ್ನು ಮತ್ತೆ ವಾರ್ಡಿಗೆ, ಅದೇ ಎಂಟನೆಯ ಮಂಚಕ್ಕೆ ತಂದರು. ಅರ್ಧ ಇಳಿದುಹೋಗಿದ್ದಳು. ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಒಂದೇ ಉದ್ದನೆಯ ಪಟ್ಟಿ, ಪಕ್ಕದಲ್ಲಿ ಚೀಲ. "ಒಂದೋ ನಾಕೋ ಅಂತ ಗುದ್ದಾಡಿದ್ವಿ. ಈಗ ನೋಡು, ಎಲ್ಲಾ ಕೂಡಿ ಒಂದ ಆತು," ಎಂದು ಜಲಜಾಳಿಗೆ ತೋರಿಸಿದಳು. "ಪೋಹಾದ ಪಂದ್ಯ ನಾ ಸೋತಿಲ್ಲಂತ ನಮ್ಮನಿಯವರಿಗೆ ಹೇಳು." ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಜಲಜಾ ರಿಜಿಸ್ಟರ್ ಹಿಡಿದು ಬಂದಾಗ ಯಲ್ಲಮ್ಮ ತಲೆದಿಂಬಿಗೆ ಒರಗಿ ಕೂತಿದ್ದಳು. "ನಾಷ್ಟಾ ಆತೇನ ತಂಗಿ?" ಎಂದು ಕೇಳಿದಳು. ಜಲಜಾ ಆಯಿತೆಂದಳು, ಆಗಿರಲಿಲ್ಲ. ಅಷ್ಟರಲ್ಲಿ ರೂಢಿಯಂತೆ ಹಯವದನರು ಬಂದು ಮಂಚದ ಆ ಬದಿಗೆ ನಿಂತು, "ಹೇಗಿದ್ದೀರಮ್ಮ?" ಎಂದರು.

"ಆರಾಮ ಅದೀನ್ರಿ," ಎಂದಳು ಯಲ್ಲಮ್ಮ, ಪಟ್ಟನೆ.

ಜಲಜಾ ಪೆನ್ನಿನ ಮುಚ್ಚಳ ಹಾಕಿದಳು. "ಸರ್, ಸ್ವಲ್ಪ ಹೊರಗ ನಿಂದರ್ರಿ," ಎಂದಳು.

ಇಪ್ಪತ್ತು ವರ್ಷದಲ್ಲಿ ಅವಳು ಯಾವ ಡಾಕ್ಟರಿಗೂ ಹೀಗೆ ಹೇಳಿರಲಿಲ್ಲ. ಹಯವದನರು ಒಂದು ಕ್ಷಣ ಅವಳನ್ನು ನೋಡಿ, "ಹೌದು, ಹೌದು," ಎನ್ನುತ್ತ ಪರದೆ ಸರಿಸಿ ಹೊರಗೆ ಹೋದರು. ಜಲಜಾ ಪರದೆಯನ್ನು ಪೂರ್ತಿ ಎಳೆದಳು. "ಈಗ ಹೇಳ್ರಿ ಯಲ್ಲಮ್ಮಾರ. ಎಷ್ಟೈತಿ?"

ಯಲ್ಲಮ್ಮ ಪರದೆಯತ್ತ ನೋಡಿದಳು. ಪರದೆಯ ಕೆಳಗೆ ಗೇಣುದ್ದ ಜಾಗ ಬಿಟ್ಟಿತ್ತು. ಅಲ್ಲಿ ಡಾಕ್ಟರ ಎರಡು ಕರಿ ಬೂಟುಗಳು ಕಾಣುತ್ತಿದ್ದವು. ಅವಳು ಕಣ್ಣಿನಲ್ಲೇ ಅವನ್ನು ತೋರಿಸಿದಳು.

"ಸರ್, ಇನ್ನೂ ದೂರ್ರಿ," ಎಂದಳು ಜಲಜಾ, ಗಟ್ಟಿಯಾಗಿ.

ಬೂಟುಗಳು ಎರಡು ಹೆಜ್ಜೆ ಸರಿದವು. ಯಲ್ಲಮ್ಮ ಕಾದಳು. ಅವು ತಿರುಗಿ, ಟಕ್ ಟಕ್ ಎಂದು ವಾರ್ಡಿನ ಉದ್ದಕ್ಕೂ ನಡೆದು, ಬಾಗಿಲು ದಾಟಿದ ಸದ್ದು ಕೇಳಿಸಿತು.

"ಏಳು," ಎಂದು ಯಲ್ಲಮ್ಮ ಪಿಸುಗುಟ್ಟಿದಳು. ಜಲಜಾ ಬರೆದಳು.